ಲವಂಗದ ವಾಸನೆ

ಕುರೆಸ್ಸಾರೆ, ಸಾರೆಮಾ ದ್ವೀಪ
ಅಕ್ಟೋಬರ್ ೯

ಪ್ರೀತಿಯ ವಿರ್ವೆ ಅಕ್ಕಾ,

ಮಂಡಿನೋವು ಹೇಗಿದೆ? ಫಿನ್‌ಲೆಂಡಿನ ಚಳಿಗೆ ಜಾಸ್ತಿಯಾಗಿರಬೇಕು, ಉಣ್ಣೆಪಟ್ಟಿ ಬಿಗಿದುಕೋ. ಅಮ್ಮ ಚೆನ್ನಾಗಿದ್ದಾಳೆ. ಹೊಗೆಯಾಡಿಸಿದ ಮೀನು ಬೇಡವೆನ್ನುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಾಳೆ.

ಸೋಮವಾರ ಆರೋಗ್ಯ ಇಲಾಖೆಯ ಅಧಿಕಾರಿ ಮನೆಗೆ ಬಂದಿದ್ದರು. ನಾನು ಇಲ್ಲಿ ಕಾಯಿಸಿ, ಅಲ್ಲಿ ಸಂತೆಯಲ್ಲಿ ಮಾರಲೆಂದು ನಿನಗೆ ಕಳಿಸಿದ ಕ್ಯಾಲೆಂಡುಲಾ ಹೂವಿನ ಮುಲಾಮಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ನನ್ನ ಲೇಬಲ್ಲಿನ ಅರ್ಧಕ್ಕೆ ನೀನು ಬೇರೆ ಚೀಟಿ ಅಂಟಿಸಿದ್ದೆ: ‘ಇಸುಬು ವಾಸಿಯಾಗುತ್ತದೆ’. ಅದರ ಕೆಳಗೆ, ಹೊಣೆಗಾರಳೆಂದು ನನ್ನ ಹೆಸರು, ನಮ್ಮ ಮನೆಯ ವಿಳಾಸ. ಮುಚ್ಚಳ ತೆಗೆದರೆ ಘಮ್ಮೆಂದು ಲವಂಗದೆಣ್ಣೆ. ನಾನು ಹಾಕುವುದು ಹೂ, ಎಣ್ಣೆ, ಜೇನುಮೇಣ, ಇಷ್ಟೇ, ಲೇಬಲ್ಲಿನಲ್ಲಿರುವುದೂ ಇಷ್ಟೇ. ಅದನ್ನು ನಂಬಿ ಒಬ್ಬ ತಾಯಿ ಎರಡು ವರ್ಷದ ಮಗಳ ಕೆನ್ನೆಗೆ ಹಚ್ಚಿದ್ದಾಳೆ. ಮಗುವಿನ ಮುಖ ಊದಿ ಕಣ್ಣೇ ಮುಚ್ಚಿಹೋಗಿತ್ತಂತೆ.

ಚಳಿಗಾಲವಿಡೀ ಅಮ್ಮನ ಅಡುಗೆಮನೆಯಲ್ಲಿ ಕೂತು ಮುಲಾಮು ಮಾರುವ ನಿಯಮಗಳನ್ನು ಓದಿದವರು ನಾವಿಬ್ಬರೂ ತಾನೆ? “ಒಂದು ಡಬ್ಬಿ ಮುಲಾಮಿಗೂ ಪಾಸ್‌ಪೋರ್ಟ್ ಬೇಕಂತಲ್ಲೇ!” ಎಂದು ನೀನು ನಕ್ಕಿದ್ದೆ, ನಾನೂ ನಕ್ಕಿದ್ದೆ. ಆದರೂ ಪರೀಕ್ಷೆ ಮಾಡಿಸಿ, ಸುರಕ್ಷಿತವೆಂದು ಬರೆಸಿಕೊಂಡ ಮೇಲೆಯೇ ಮೊದಲ ಡಬ್ಬಿ ಮಾರಿದೆವು.

ನಿನಗೆ ಫೋನು ಮಾಡಿ, ಲವಂಗದೆಣ್ಣೆ ಹಾಕಿದ್ದು ನೀನೇನಾ ಎಂದು ಕೇಳಿದೆ. ಇಲ್ಲ ಎನ್ನುತ್ತೀಯೆಂದೇ ಕಾದೆ. ನೀನೋ, “ಬರೀ ಮೇಣದ ವಾಸನೆ ಯಾರಿಗೆ ಬೇಕೇ? ಒಂಚೂರು ಪರಿಮಳ ಬೆರೆಸ್ದೆ, ಚೆನ್ನಾಗಿ ಖರ್ಚಾಗ್ತಿದೆ” ಎಂದೆ. ಮಗು ಹೇಗಿದೆಯೆಂದು ಕೇಳಲಿಲ್ಲ. “ನೀನೇ ಬೆರೆಸಿದ್ದು ಅಂತ ಹೇಳ್ಬಿಡು ಲೇಲೊ. ಊರಲ್ಲಿ ನಿಂಗೆ ಒಳ್ಳೆ ಹೆಸರಿದೆ, ಬೈದು ಬಿಟ್ಬಿಡ್ತಾರೆ” ಎಂದೆ. ಅಕ್ಕಾ, ಆ ಒಳ್ಳೆಯ ಹೆಸರನ್ನೇ ಅಲ್ಲವೇ ನೀನು ನಿನ್ನ ಚೀಟಿಯ ಕೆಳಗೆ ಇಟ್ಟುಕೊಂಡಿದ್ದು?

ಆ ತಾಯಿಯೊಡನೆ ಫೋನಿನಲ್ಲಿ ಮಾತಾಡಿದೆ. ಅವಳು ಬೈಯಲೂ ಇಲ್ಲ. “ಡಬ್ಬಿ ಮೇಲೆ ಬರ್ದಿದ್ನ ಓದಿದ್ದೆ ನಾನು” ಎಂದಳು, ಅಷ್ಟೇ. ಮಗು ಈಗ ಕಣ್ಣು ಬಿಟ್ಟಿದೆ. ಇಲ್ಲಿನ ಅಂಗಡಿಗಳಿಗೆ ಕೊಟ್ಟಿದ್ದನ್ನೆಲ್ಲ ನಾನೇ ಹೋಗಿ ವಾಪಸು ತಂದೆ. ಮುಲಾಮು ಕಾಯಿಸಲು ಮತ್ತೆ ಒಲೆ ಹಚ್ಚಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ನಿನಗೆ ಸಿಹಿಮುತ್ತು ಕಳಿಸಲು ಹೇಳಿದ್ದಾಳೆ, ಕಳಿಸಿದ್ದೇನೆ. ಅದು ಅವಳದ್ದು.

ನಿನ್ನ ತಂಗಿ,
ಲೇಲೊ

ಮರೆತಿದ್ದೆ: ನೀನು ಹೇಳೆಂದ ಸುಳ್ಳನ್ನು ಹೇಳಲು ನನ್ನಿಂದ ಆಗಲಿಲ್ಲ. ಇವತ್ತು ಮಧ್ಯಾಹ್ನ ಅಧಿಕಾರಿಗೆ ನಿನ್ನ ಹೆಸರು, ವಿಳಾಸ ಕೊಟ್ಟೆ. ಈ ಕಾಗದಕ್ಕಿಂತ ಮೊದಲೇ ಅವರ ಕಡೆಯವರು ನಿನ್ನ ಬಾಗಿಲು ತಟ್ಟಬಹುದು. ಉಳಿದ ಡಬ್ಬಿಗಳನ್ನು ಬಚ್ಚಿಡಬೇಡ, ಕೊಟ್ಟುಬಿಡು.