ಶೂ ಚೀಲದ ಹನ್ನೊಂದು ಮೊಟ್ಟೆಗಳು

ಮನೆ, ಅಡುಗೆಮನೆಯ ಮೇಜು
ಭಾನುವಾರ, ತಾರೀಕು ಹತ್ತೊಂಬತ್ತು, ಬೆಳಗಿನ ಹತ್ತೂವರೆ

ಅಮ್ಮಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಗೀಟಿನ ಕೆಳಗೆ ಕಾಣುತ್ತಿರಬಹುದು. ಹೊಸ ಹಾಳೆ ತೆಗೆದುಕೊಳ್ಳುವಷ್ಟು ವ್ಯವಧಾನ ನನಗಿಲ್ಲ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುತ್ತೀಯೋ, ಇಲ್ಲ ಈಗಲೂ ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿಯುತ್ತೀಯೋ? ಕೆಮ್ಮು ಕಡಿಮೆಯಾಗಿದೆ ಎಂದು ನಿನ್ನ ಪತ್ರದಲ್ಲಿದೆ, ಆದರೆ ನಿನ್ನ ಮಾತಿನಲ್ಲಿ ಯಾವುದು ನಿಜ ಎಂದು ಈಗೀಗ ನನಗೆ ಅನುಮಾನ ಶುರುವಾಗಿದೆ. ಜಗಳ ಕಾಯುವ ಮೊದಲು ಎದುರಿನವರ ಆರೋಗ್ಯ ಕೇಳಬೇಕು ಎಂದು ಕಲಿಸಿದವಳು ನೀನೇ. ಕೇಳಿದ್ದಾಯಿತು. ಗಟ್ಟಿಯಾಗಿದ್ದೀಯ ಎಂದುಕೊಂಡು ಮುಂದುವರಿಸುತ್ತೇನೆ.

ವಿಷಯ ಮೊಟ್ಟೆಯದು. ಇಷ್ಟೇನಾ ಎಂದು ಪತ್ರ ಮಡಚಿಡಬೇಡ. ಎರಡೂವರೆ ತಿಂಗಳ ಹಿಂದೆ ನೀನು ಇಲ್ಲಿ ಹದಿನೈದು ದಿನ ಇದ್ದು ಹೋದೆಯಲ್ಲ, ಹೋದ ಮೂರನೇ ವಾರಕ್ಕೆ ಮೆಣಸಿಯ ಶಾಲೆಯಿಂದ ಚೀಟಿ ಬಂತು. (ನನ್ನ ಮಗಳಿಗೆ ಆ ಹೆಸರಿಟ್ಟವಳೂ ನೀನೇ. ಹದಿನಾಲ್ಕು ತುಂಬಿದರೂ ಬೇರೆ ಹೆಸರಿಗೆ ಅವಳು ತಿರುಗಿ ನೋಡುವುದಿಲ್ಲ.) ಆಟದ ಶೂ ಇಡುವ ಕಪಾಟಿನಿಂದ ತಡೆಯಲಾರದ ವಾಸನೆ ಬರುತ್ತಿದೆ, ಪೋಷಕರು ಖುದ್ದಾಗಿ ಬಂದು ಚೀಲ ಒಯ್ಯಬೇಕು ಎಂದು ಬರೆದಿತ್ತು. ಅರ್ಧ ದಿನ ರಜೆ ಹಾಕಿ ಹೋದೆ. ಆಟದ ಮೇಷ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಚೀಲವನ್ನು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ ಮೈದಾನದ ಮೂಲೆಯಲ್ಲಿ ನಿಂತಿದ್ದರು. ಅದರೊಳಗೆ ಹನ್ನೊಂದು ಬೇಯಿಸಿದ ಮೊಟ್ಟೆಗಳಿದ್ದವು. ದಿನಾ ಬೆಳಿಗ್ಗೆ ನಾನೇ ಸಿಪ್ಪೆ ಸುಲಿದು, ಉಪ್ಪು ಸವರಿ, ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ಮೊಟ್ಟೆಗಳು. ತಳದಲ್ಲಿದ್ದವು ಬೂದು ಬಣ್ಣಕ್ಕೆ ತಿರುಗಿ ಶೂಗೆ ಅಂಟಿಕೊಂಡಿದ್ದವು. ಅಮ್ಮಾ, ನಾನು ಮೊಟ್ಟೆ ಶೆಡ್ಡಿನ ಕತ್ತಲೆ ಗೂಡಿನಲ್ಲಿ ನಿಂತು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆಗಳನ್ನು ಅಡಿಯಿಂದ ದೀಪ ಹಾಯಿಸುವ ಮೇಜಿನ ಮೇಲೆ ಉರುಳಿಸಿ, ಇದು ಬಿರುಕು, ಇದರೊಳಗೆ ರಕ್ತದ ಚುಕ್ಕೆ, ಇದು ಹಳತು ಎಂದು ಬೇರೆ ಮಾಡುವವಳು. ನನ್ನ ಮನೆಯ ಕೊಳೆತ ಮೊಟ್ಟೆಯನ್ನು ಆಟದ ಮೇಷ್ಟರು ಹುಡುಕಿಕೊಡಬೇಕಾಯಿತು.

ಮನೆಗೆ ಬಂದು ಕೇಳಿದೆ. ಹಸಿವಿರಲಿಲ್ಲ ಅಂದಳು, ಗೆಳತಿಯರು ನಗುತ್ತಾರೆ ಅಂದಳು. ನಾನೂ ಬಿಡಲಿಲ್ಲ, ಗೊತ್ತಲ್ಲ ನನ್ನ ಗಂಟಲು. ಇವರು ಎಂದಿನಂತೆ ಇಸ್ತ್ರಿಪೆಟ್ಟಿಗೆ ಹಿಡಿದು ಒಳಕೋಣೆ ಸೇರಿಕೊಂಡರು. ಕೊನೆಗೆ ಮೆಣಸಿ ಕಾಲು ನೆಲಕ್ಕೆ ಅಪ್ಪಳಿಸಿ ಹೇಳಿದಳು: “ಮೊಟ್ಟೆ ತಿಂದ್ರೆ ಮೊಡವೆ ಏಳುತ್ತೆ. ನಿಮ್ಮಮ್ಮನ ಮುಖ ನೋಡು ಅಂತ ಅಜ್ಜಿ ಹೇಳಿದ್ರು. ನೀನು ಚಿಕ್ಕವಳಿದ್ದಾಗ ಕದ್ದು ಮೊಟ್ಟೆ ತಿಂದಿದ್ದಕ್ಕೇ ಹೀಗಾಗಿದ್ದಂತೆ. ನನಗೆ ನಿನ್ನ ಥರ ಆಗೋದು ಬೇಡ.”

ಹೇಳಿದ ಮೇಲೆ ಅವಳೇ ಹೆದರಿದಳು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುವವರೆಗೆ ಇಬ್ಬರೂ ನಿಂತಲ್ಲೇ ನಿಂತಿದ್ದೆವು.

ನನ್ನ ಮುಖವನ್ನು ನೀನು ಪಾಠದ ಪುಸ್ತಕ ಮಾಡಿಕೊಂಡೆಯಲ್ಲ, ಅದೂ ನನ್ನದೇ ಮನೆಯಲ್ಲಿ, ನಾನು ಕೆಲಸಕ್ಕೆ ಹೋದ ಹೊತ್ತು ನೋಡಿ, ನನ್ನ ಮಗಳನ್ನೇ ಎದುರಿಗೆ ಕೂರಿಸಿಕೊಂಡು! ಹಾಗಾದರೆ ಪಾಠದ ಉಳಿದ ಭಾಗವನ್ನೂ ಹೇಳಬೇಕಿತ್ತು. ನನಗೆ ಹದಿಮೂರು ತುಂಬಿದ ವರ್ಷ ಹಣೆಯ ಮೇಲೆ ಮೂರು ಮೊಡವೆ ಬಂದವು. ಮಾರನೆಯ ದಿನವೇ ನನ್ನ ತಟ್ಟೆಯಿಂದ ಮೊಟ್ಟೆ ಮಾಯವಾಯಿತು. “ಮೊಟ್ಟೆ ಉಷ್ಣ, ನಿನ್ನ ಮುಖಕ್ಕೆ ಆಗಿಬರಲ್ಲ” ಅಂದೆ. ತಮ್ಮನ ತಟ್ಟೆಯಲ್ಲಿ ದಿನಾ ಒಂದು ಇರುತ್ತಿತ್ತು, ಹಳದಿ ಭಾಗ ನಡುಗುತ್ತಾ ಇರುತ್ತಿತ್ತು, ಅವನು ಅದನ್ನು ಬೇಕೆಂದೇ ನನ್ನ ಕಡೆ ತಿರುಗಿಸಿ ಚಮಚದಿಂದ ಒಡೆಯುತ್ತಿದ್ದ. ಅವನ ಮುಖ ಗಾಜಿನ ಹಾಗೆ ನುಣ್ಣಗಿತ್ತು. ಅದು ಯಾಕೆ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಎರಡು ವರ್ಷ ಮೊಟ್ಟೆ ಮುಟ್ಟಲಿಲ್ಲ. ಮೊಡವೆ ಮಾತ್ರ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ ಇಳಿದವು. ಆಗಲೂ ತಪ್ಪು ಮೊಟ್ಟೆಯದಲ್ಲವೇನೋ ಎಂದು ನಿನಗೆ ಹೊಳೆಯಲಿಲ್ಲ. ನಾನು ಎಲ್ಲೋ ಕದ್ದು ತಿನ್ನುತ್ತಿದ್ದೇನೆ ಎಂದು ಬಾಯಿ ಮೂಸಿ ನೋಡಿದೆ. ಹೌದು, ಒಂದು ದಿನ ತಿಂದೆ. ತಮ್ಮನಿಗೆ ಜ್ವರ ಬಂದು ಅವನು ಬೇಡವೆಂದು ದೂಡಿದ್ದ ಮೊಟ್ಟೆ, ತಣ್ಣಗಾಗಿತ್ತು, ಬಾಗಿಲ ಹಿಂದೆ ನಿಂತು ಎರಡೇ ತುತ್ತಿಗೆ ನುಂಗಿದೆ. ಅದೇ ವಾರ ಎಡಗೆನ್ನೆಯಲ್ಲಿ ದೊಡ್ಡದೊಂದು ಎದ್ದಿತು. ನೀನು ನ್ಯಾಯಾಧೀಶರ ಹಾಗೆ ತಲೆಯಾಡಿಸಿ, ಪಿನ್ನನ್ನು ಬೆಂಕಿಗೆ ಹಿಡಿದು, ನನ್ನ ತಲೆಯನ್ನು ಮೊಣಕಾಲುಗಳ ನಡುವೆ ಅದುಮಿ ಚುಚ್ಚಿದೆ. ಆಮೇಲೆ ಪ್ರತಿ ಭಾನುವಾರ ಚುಚ್ಚಿದೆ. ಹಿಂಡಿ ಹಿಂಡಿ, ಬಿಸಿನೀರಿನಲ್ಲಿ ಅದ್ದಿದ ಒರಟು ಟವೆಲಿನಿಂದ ತಿಕ್ಕಿದೆ. ಈ ಹೊಂಡಗಳು ಯಾವುದರಿಂದ ಆದವು ಎಂದು ಮೆಣಸಿಗೆ ಹೇಳುವಾಗ ಪಿನ್ನಿನ ನೆನಪು ನಿನಗೆ ಬರಲಿಲ್ಲವಾ?

ಬಂದಿತ್ತು, ಬೇರೆ ರೀತಿಯಲ್ಲಿ. ನೀನು ಅವಳಿಗೆ ಅದನ್ನೂ ಕಲಿಸಿಹೋಗಿದ್ದೆ. ಶೂ ಚೀಲದ ಜಗಳವಾದ ನಾಲ್ಕನೇ ದಿನ ಬೆಳಿಗ್ಗೆ ಎದ್ದಾಗ ಅವಳ ಬಲಗಣ್ಣು ಅರ್ಧ ಮುಚ್ಚಿತ್ತು. ಮೂಗಿನ ಪಕ್ಕದ ಮೊಡವೆಯನ್ನು ಬಾತ್‌ರೂಮಿನಲ್ಲಿ ಕನ್ನಡಿಯೆದುರು ಸೇಫ್ಟಿಪಿನ್ನಿನಿಂದ ಕೆದಕಿದ್ದಳು. ಕೆನ್ನೆ ಕೆಂಪಾಗಿ, ಕಾವಾಗಿ, ರೆಪ್ಪೆಯವರೆಗೆ ಬಾತುಕೊಂಡಿತ್ತು. ಅಂಗಿ ಕೂಡ ಬದಲಾಯಿಸದೆ ಎತ್ತಿಕೊಂಡು ಓಡಿದೆ. ಹದಿನಾಲ್ಕು ವರ್ಷದವಳನ್ನು ಎತ್ತಿಕೊಂಡು ಅಂದರೆ ನಂಬುತ್ತೀಯಾ? ಮೆಟ್ಟಿಲು ಇಳಿಯುವವರೆಗೆ ಎತ್ತಿಕೊಂಡಿದ್ದೆ, ಆಮೇಲೆ ಅವಳೇ ಇಳಿಸು ಇಳಿಸು ಎಂದು ಗುದ್ದಿದಳು.

ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ನನ್ನ ಮಗಳಿಗಿಂತ ಮೊದಲು ನನ್ನನ್ನು ನೋಡಿದರು. “ಇದನ್ನ ಯಾರು ಚುಚ್ಚಿದ್ದು?” ಅಂದರು. ನಮ್ಮಮ್ಮ ಅಂದೆ. “ಇವಳದ್ದು?” ಅದೂ ನಮ್ಮಮ್ಮನೇ, ದೂರದಿಂದ, ಅಂದೆ. ಆಕೆ ನಗಲಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಸೋಂಕು ಕಣ್ಣಿಗೆ ಹರಡಬಹುದಿತ್ತು ಎಂದು ಹೇಳಿ ಮಾತ್ರೆ ಬರೆದುಕೊಟ್ಟರು, ಎರಡು ದಿನ ಬಿಟ್ಟು ಮತ್ತೆ ತೋರಿಸಲು ಹೇಳಿದರು. ನಾನು ಮೊಟ್ಟೆಯ ವಿಷಯ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನನ್ನ ಸೇರ್ಪಡೆ ಏನೂ ಇಲ್ಲ. “ಮೊಟ್ಟೆಯಿಂದ ಮೊಡವೆ ಬರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಈ ವಯಸ್ಸಲ್ಲಿ ಮೈಯೊಳಗಿನ ಬದಲಾವಣೆಗೆ ಬರುತ್ತೆ, ಮನೆತನದಿಂದಲೂ ಬರುತ್ತೆ. ತುಂಬಾ ಸಿಹಿ, ಸಕ್ಕರೆ ಪಾನೀಯ, ಬಿಳಿ ಬ್ರೆಡ್ಡು, ಕೆಲವರಿಗೆ ಹಾಲು ಕೂಡ, ಇವು ಹೆಚ್ಚು ಮಾಡಬಹುದು. ಒಬ್ಬೊಬ್ಬರ ಮೈ ಒಂದೊಂದು ಥರ. ಇವಳಿಗೆ ಮೊಟ್ಟೆ ತಿಂದಾಗೆಲ್ಲಾ ಜಾಸ್ತಿ ಆಗ್ತಿದ್ರೆ ಬರೆದಿಟ್ಟು ತನ್ನಿ, ನೋಡೋಣ. ಸುಮ್ಮಸುಮ್ಮನೆ ಬಿಡಿಸಬೇಡಿ, ಬೆಳೆಯೋ ಮಗು.” ಆಗ ಮೆಣಸಿ ಒಂದೇ ಕಣ್ಣಿನಲ್ಲಿ ನೆಲ ನೋಡುತ್ತಾ, ಮೊಟ್ಟೆ ಬಿಟ್ಟ ಮೇಲೆ ಹಸಿವಾಗುತ್ತಿತ್ತು, ದಿನಾ ಕ್ಯಾಂಟೀನಿನಲ್ಲಿ ಸಿಹಿ ಬನ್ನು ಮತ್ತು ಬಣ್ಣದ ಸೋಡಾ ತೆಗೆದುಕೊಳ್ಳುತ್ತಿದ್ದೆ ಎಂದು ಒಪ್ಪಿಕೊಂಡಳು. ನಿನ್ನ ವೈದ್ಯ ಹೇಗಿತ್ತು ನೋಡು.

ನಮ್ಮ ಶೆಡ್ಡಿನಲ್ಲಿ ಎಂಟು ಹೆಂಗಸರಿದ್ದೇವೆ. ಬಿರುಕು ಬಿಟ್ಟ ಮೊಟ್ಟೆ ಎಲ್ಲರ ಮನೆಗೂ ಹೋಗುತ್ತದೆ, ಎಲ್ಲರೂ ತಿನ್ನುತ್ತೇವೆ. ತೂಕ ಮಾಡುವವಳ ಕೆನ್ನೆ ಈ ವಯಸ್ಸಿನಲ್ಲೂ ಮಗುವಿನದು. ಟ್ರೇ ಕಟ್ಟುವವಳಿಗೆ ನಲವತ್ತರಲ್ಲೂ ಗದ್ದದ ಮೇಲೆ ಏಳುತ್ತವೆ. ನಿನ್ನ ಮಾತು ನಿಜವಾಗಿದ್ದರೆ ನಮ್ಮ ಶೆಡ್ಡಿನ ಮುಖಗಳಿಗೆ ಪ್ರದರ್ಶನ ಏರ್ಪಡಿಸಬಹುದಿತ್ತು. ಇನ್ನೊಂದು ಮಾತು, ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಈ ಕೆಲಸಕ್ಕೆ ಸೇರಿದ್ದು ಯಾಕೆ ಗೊತ್ತಾ? ಮೇಲ್ವಿಚಾರಕರು ಮೊದಲ ದಿನ ಆ ಗೂಡು ತೋರಿಸಿ, ಇಲ್ಲಿ ದಿನವಿಡೀ ಕತ್ತಲಮ್ಮ, ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ಬಹಳ ಜನ ಬಿಟ್ಟು ಹೋಗ್ತಾರೆ ಅಂದರು. ನನಗೆ ಜೀವ ಹಗುರಾಯಿತು. ಅಂಥ ಜಾಗ ಲೋಕದಲ್ಲಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷವಾಯಿತು, ಅಲ್ಲೇ ಇದ್ದೇನೆ.

ಆಸ್ಪತ್ರೆಯಿಂದ ಬಂದ ಸಂಜೆ ತಮ್ಮನಿಗೆ ಫೋನು ಮಾಡಿದೆ. ಫೋನನ್ನು ನಿನ್ನ ಕೈಗೆ ಕೊಡಲು ಹೇಳುವುದಿತ್ತು, ನೀನು ಮಲಗಿದ್ದೆಯಂತೆ. ಸಿಟ್ಟನ್ನೆಲ್ಲಾ ಅವನ ಮೇಲೆ ಸುರಿದೆ. ಅವನು ಸ್ವಲ್ಪ ಹೊತ್ತು ಕೇಳಿ ನಕ್ಕುಬಿಟ್ಟ. “ಅಯ್ಯೋ ಅಕ್ಕಾ, ಮೊಡವೆ ಎಲ್ಲಿ ಬಂತು? ಮೊಟ್ಟೆ ಸಾಲ್ತಿರಲಿಲ್ಲ ಅಷ್ಟೇ. ಅಪ್ಪನ ಕಾರ್ಖಾನೆ ಅರ್ಧ ಮುಚ್ಚಿದ್ರಲ್ಲ, ಆವಾಗ. ನನಗೆ ಎದೆ ವೀಕು ಅಂತ ನನಗೊಂದು ಉಳಿಸ್ತಿದ್ಳು. ನಿನಗೆ ಹಾಗೆ ಹೇಳಿದೀನಿ, ನೀನು ಬಾಯಿ ಬಿಡಬೇಡ ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ಳು. ನಿನಗೆ ಇಷ್ಟು ವರ್ಷ ಗೊತ್ತಿಲ್ವಾ?” ಹಲೋ ಹಲೋ ಎನ್ನುತ್ತಲೇ ಇದ್ದ, ನಾನು ಇಟ್ಟುಬಿಟ್ಟೆ.

ಇಲ್ಲ, ಗೊತ್ತಿರಲಿಲ್ಲ. ಹತ್ತು ವರ್ಷದ ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸಾಲದು ಮಗಳೇ ಎಂದಿದ್ದರೆ ನಾನೇ ಅವನ ತಟ್ಟೆಗೆ ಹಾಕುತ್ತಿದ್ದೆ. ಅವನ ಕೆಮ್ಮಿಗೆ ಎಚ್ಚರವಾಗಿ ಅವನ ಬೆನ್ನು ನೀವುತ್ತಿದ್ದವಳು ನಾನೇ ಅಲ್ಲವಾ? ಹದಿಮೂರು ವರ್ಷದ ಹುಡುಗಿಗೆ ಬಡತನ ಅರ್ಥವಾಗುತ್ತದೆ ಅಮ್ಮಾ, ಚೆನ್ನಾಗಿಯೇ ಅರ್ಥವಾಗುತ್ತದೆ. ಇಲ್ಲ ಎನ್ನಲು ನಿನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ತೆಗೆದು ನನ್ನ ಮುಖಕ್ಕೆ ಹಚ್ಚಿದೆ. ಅದೂ ಹೋಗಲಿ, ಆ ಕಾಲಕ್ಕೆ ಅದೊಂದು ದಾರಿ ಎಂದುಕೊಳ್ಳೋಣ. ಈಗೇನು? ನನ್ನ ಮನೆಯಲ್ಲಿ ಮೊಟ್ಟೆಗೆ ಬರವಿಲ್ಲ. ಹಿಂದಿನ ಕೋಣೆಯಲ್ಲಿ ಟ್ರೇಗಟ್ಟಲೆ ಇರುವುದನ್ನು ನೀನೇ ನೋಡಿದ್ದೀಯ. ಮತ್ತೆ ಯಾಕೆ ಹೇಳಿದೆ? ಇದನ್ನು ವಾರಗಟ್ಟಲೆ ಯೋಚಿಸಿದೆ. ನನಗೆ ಸಿಕ್ಕ ಉತ್ತರ ಒಂದೇ: ಹೇಳಿ ಹೇಳಿ ನೀನೇ ಅದನ್ನು ನಂಬಿಬಿಟ್ಟಿದ್ದೀಯ. ಬೇಕೆಂದೇ ಹೇಳಿದ್ದರೆ ನಿನ್ನ ಜೊತೆ ಜಗಳವಾಡಬಹುದಿತ್ತು, ನಂಬಿದವಳ ಜೊತೆ ಏನು ಮಾಡಲಿ?

ಮೆಣಸಿಯ ಕಣ್ಣು ಸರಿಯಾಗಿದೆ. ಮೂಗಿನ ಪಕ್ಕ ಒಂದು ಸಣ್ಣ ಗುಳಿ ಉಳಿದಿದೆ. ನಿನ್ನ ಕೈಬರಹ ನನಗೆ ಗುರುತು ಸಿಗುತ್ತದೆ. ಡಾಕ್ಟರು ಕೊಟ್ಟ ಮುಲಾಮನ್ನು ರಾತ್ರಿ ಹಚ್ಚಿಕೊಳ್ಳುತ್ತಾಳೆ, ಗುಣ ಕಾಣಲು ಎರಡು ಮೂರು ತಿಂಗಳು ಬೇಕಂತೆ, ಏಳನೇ ವಾರ ನಡೆಯುತ್ತಿದೆ. ಹಣೆ ತಿಳಿಯಾಗುತ್ತಿದೆ, ಗದ್ದದ ಮೇಲೆ ಹೊಸದು ಎರಡು ಬಂದಿವೆ. ಸೋಡಾ ಬಿಟ್ಟಿದ್ದಾಳೆ, ಬನ್ನು ಬಿಟ್ಟಿದ್ದೇನೆ ಎನ್ನುತ್ತಾಳೆ. ಪಿನ್ನುಗಳನ್ನೆಲ್ಲಾ ಒಟ್ಟುಮಾಡಿ ಕೆಲಸದ ಜಾಗಕ್ಕೆ ಒಯ್ದು ಅಲ್ಲೇ ಬೀಗ ಹಾಕಿಟ್ಟಿದ್ದೇನೆ, ಇವರ ಅಂಗಿಯ ಗುಂಡಿ ಕಿತ್ತುಹೋದರೂ ಈ ಮನೆಯಲ್ಲಿ ಸಿಕ್ಕಿಸಲು ಒಂದು ಪಿನ್ನಿಲ್ಲ.

ತಮ್ಮನ ಹೆಂಡತಿಗೆ ನನ್ನ ನೆನಪು ತಿಳಿಸು, ಅವಳದೇನೂ ತಪ್ಪಿಲ್ಲ. ತಮ್ಮನಿಗೆ ಏನೂ ತಿಳಿಸಬೇಡ. ನಿನಗೆ ನಮಸ್ಕಾರ ಎಂದು ಬರೆಯಬೇಕು, ಕೈ ಏಳುತ್ತಿಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊ, ಅಷ್ಟೇ.

ಇಂತಿ,
ನಿನ್ನ ಹಿರಿಯ ಮಗಳು

ತಾ.ಕ.: ಅಂಚೆಯವರು ನಾಳೆ ಬೆಳಿಗ್ಗೆಯೇ ಪೆಟ್ಟಿಗೆ ಖಾಲಿ ಮಾಡುತ್ತಾರೆ, ಇವತ್ತೇ ಹಾಕಬೇಕು, ಬೇಗ ಬರೆಯುತ್ತೇನೆ. ತಮ್ಮ ಚಿಕ್ಕ ಮನೆಗೆ ಹೋಗುತ್ತಿದ್ದಾನೆ, ಅಲ್ಲಿ ಜಾಗ ಸಾಲದು, ನಿನ್ನ ಹತ್ತಿರ ಬಂದಿರಲಾ ಎಂದು ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲು ಕೇಳಿದ್ದೀಯ. ಬಾ. ಹಿಂದಿನ ಕೋಣೆಯಿಂದ ಟ್ರೇಗಳನ್ನು ಹೊರಗೆ ತೆಗೆಸಿದ್ದೇನೆ, ಮಂಚ ಹಾಕಿಸಿದ್ದೇನೆ. ಆದರೆ ಮೆಣಸಿ ಇನ್ನೂ ಮೊಟ್ಟೆ ಮುಟ್ಟುತ್ತಿಲ್ಲ. ಡಾಕ್ಟರು ಹೇಳಿದ್ದಾಯಿತು, ತಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲಾ ನಾನು ಬಿಡಿಸಿ ಹೇಳಿದ್ದಾಯಿತು, “ಅಜ್ಜಿ ಸುಳ್ಳು ಹೇಳಲ್ಲ” ಎಂದು ತಟ್ಟೆ ದೂಡುತ್ತಾಳೆ. ನೀನು ಬಂದ ದಿನ ಕೈಚೀಲ ಕೆಳಗಿಡುವ ಮೊದಲು ಅವಳ ಎದುರಿಗೆ ಕೂತು, ಅವತ್ತು ನಮ್ಮ ಮನೆಯಲ್ಲಿ ಮೊಟ್ಟೆ ಸಾಲುತ್ತಿರಲಿಲ್ಲ ಎಂದು ನಿನ್ನ ಬಾಯಿಂದ ಹೇಳಬೇಕು. ನನ್ನ ಮುಖ ನೋಡಿಕೊಂಡು ಹೇಳಬೇಕು. ಆಗುವುದಿಲ್ಲ ಎಂದಾದರೆ ಬಸ್ಸು ಹತ್ತಬೇಡ, ಒಂದು ಸಾಲು ಬರೆದು ಹಾಕು. ಟ್ರೇಗಳು ಇನ್ನೂ ಬಾಗಿಲಲ್ಲೇ ಇವೆ, ಮತ್ತೆ ಒಳಗಿಡಲು ಹೊತ್ತು ಬೇಕಿಲ್ಲ.