ಅಡಿಪಟ್ಟಿಯ ಹಿಡಿ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ನಿಮಗೆ,

'ಪ್ರೀತಿಯ' ಎಂದು ಬರೆದದ್ದು ಕೈಯ ಅಭ್ಯಾಸ, ಅದನ್ನು ಓದಿ ಹಿಗ್ಗಬೇಡಿ. ಮೊಣಕಾಲು ನೋವು ಹೇಗಿದೆ? ಸೇತುವೆ ಕೆಲಸದಲ್ಲಿ ಏಣಿ ಹತ್ತಿ ಇಳಿಯುವುದನ್ನು ಕಡಿಮೆ ಮಾಡಿ ಎಂದರೆ ಕೇಳುವ ಪೈಕಿ ನೀವಲ್ಲ, ಆದರೂ ಹೇಳಿದ್ದೇನೆ. ಮಲಗುವ ಮುಂಚೆ ಎಣ್ಣೆ ಹಚ್ಚಿ ತಿಕ್ಕಿಕೊಳ್ಳಿ. ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ಕನ್ನಡಕ ಬದಲಾಯಿಸಿದ ಮೇಲೆ ನನ್ನ ತಪ್ಪುಗಳು ಅವರಿಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿವೆ. ಕ್ಷೇಮ ಸಮಾಚಾರ ಮುಗಿಯಿತು. ಇನ್ನು ಜಗಳ.

ಮೊದಲು ನನ್ನ ಮಡಚುವ ಚಾಕುವಿನ ವಿಷಯ. ಬೈಂಡಿಂಗ್ ಕೆಲಸಕ್ಕೆ ಕೂತಾಗಿನಿಂದ ನನ್ನ ಮೇಲಂಗಿಯ ಜೇಬಿನಲ್ಲೇ ಇದ್ದ ಚಾಕು ಅದು. ಹಳೆ ಪುಸ್ತಕದ ಹೊಲಿಗೆ ಬಿಚ್ಚಲು, ಬೆನ್ನಿನ ಮೇಲೆ ಒಣಗಿದ ಅಂಟು ಕೆರೆಯಲು, ತೊಗಲಿನ ಅಂಚು ಸವರಲು ಎಲ್ಲಕ್ಕೂ ಅದೊಂದೇ. ಅದರ ಹಿಡಿಯ ಎರಡು ಪಕ್ಕದ ಮರದ ಪಟ್ಟಿಗಳು ಸವೆದು ತೆಳ್ಳಗಾಗಿದ್ದವು, ನಿಜ. ಆದರೆ ಸವೆದದ್ದು ನನ್ನ ಬೆರಳಿಗೆ ಬೇಕಾದ ಹಾಗೆ. ಕಳೆದ ಸಲ ರಜಕ್ಕೆ ಬಂದವರು ನೀವು, ಆ ಪಟ್ಟಿಗಳನ್ನು ಕಿತ್ತು ಕಸಕ್ಕೆ ಹಾಕಿ, ದಪ್ಪನೆಯ ಕಪ್ಪು ಮರ ಕೂರಿಸಿ, ಮುಖ ಕಾಣುವ ಹಾಗೆ ಪಾಲಿಷ್ ಹೊಡೆದು, ಹೊರಡುವ ಗಳಿಗೆಯಲ್ಲಿ ಕೈಗೆ ಕೊಟ್ಟಿರಿ. "ಕೇಳಿದ್ರೆ ಬೇಡ ಅಂತೀಯ, ಅದಕ್ಕೇ ಕೇಳ್ಲಿಲ್ಲ" ಎಂದು ನಕ್ಕಿರಿ. ಬಸ್ಸು ಹತ್ತುವವರ ಮುಂದೆ ಮುಖ ಊದಿಸಿಕೊಂಡು ನಿಲ್ಲುವುದು ಹೇಗೆಂದು ನಾನೂ ನಕ್ಕೆ. ಬದನೆಕಾಯಿ ಹಿಡಿದುಕೊಂಡು ಕೆಲಸ ಮಾಡಿದ ಹಾಗಿತ್ತು, ರೀ! ಜೇಬಿಗೆ ಹೋಗದು, ಮುಷ್ಟಿಗೆ ಸಿಗದು. ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಬುಡ ಮರಗಟ್ಟಿ ಸೂಜಿ ಹಿಡಿಯಲೂ ಆಗುತ್ತಿರಲಿಲ್ಲ. ಬೈಂಡಿಂಗಿಗೆಂದು ಡಾಕ್ಟರೊಬ್ಬರು ಕೊಟ್ಟಿದ್ದ ಪುಸ್ತಕದ ತೊಗಲಿನ ಮೇಲೆ ಚಾಕು ಜಾರಿ ಉದ್ದಕ್ಕೆ ಗೀರಿತು. ಬೈಗುಳ ತಿಂದವಳು ನಾನು. ಆದರೂ ನಿಮಗೆ ಬರೆಯಲಿಲ್ಲ, ಪ್ರೀತಿಯಿಂದ ಮಾಡಿದ್ದಲ್ಲವೇ ಎಂದು ಸುಮ್ಮನಿದ್ದೆ.

ಮಂಗಳವಾರ ಗಾರೆ ಕೆಲಸದವರು ಬಂದರು. ಬಂದವರೇ ಟೇಪು ಬಿಚ್ಚಿ ನನ್ನ ಕೆಲಸದ ಕೋಣೆಯ ಕಿಟಕಿ ಅಳೆಯತೊಡಗಿದರು. ಏನು ಎಂದರೆ, "ಈ ಗೋಡೆ ಒಡೆದು ಶಟರ್ ಹಾಕ್ಬೇಕಂತೆ. ನಿಮಗೆ ಗೊತ್ತಿಲ್ವಾ ಅಮ್ಮಾ?" ಗೊತ್ತಿರಲಿಲ್ಲ. ನನ್ನ ಕೋಣೆ ನಿಮ್ಮ ತಮ್ಮನ ಮೊಬೈಲ್ ರಿಪೇರಿ ಅಂಗಡಿ ಆಗುತ್ತದೆ ಎಂದು ಅತ್ತೆಗೆ ಗೊತ್ತಿತ್ತು, ಮೈದುನನಿಗೆ ಗೊತ್ತಿತ್ತು, ಗಾರೆಯವರಿಗೂ ಗೊತ್ತಿತ್ತು. ಅಂಟು ಮೆತ್ತಿದ ಕೈ ಹಿಡಿದುಕೊಂಡು ನಿಂತ ನನಗೊಬ್ಬಳಿಗೇ ಗೊತ್ತಿರಲಿಲ್ಲ. ನನ್ನ ಮೇಜು, ಪ್ರೆಸ್ಸು ಎಲ್ಲ ಹಿಂದಿನ ಸಾಮಾನು ಕೋಣೆಗಂತೆ. ಅಲ್ಲಿ ಕಿಟಕಿಯೇ ಇಲ್ಲ. ಬಿಳಿ ಕಾಗದದ ಮೇಲೆ ಬಿಳಿ ದಾರ ಹೊಲಿಯುವವಳು ನಾನು, ಬೆಳಕಿಲ್ಲದೆ ಏನನ್ನು ಹೊಲಿಯಲಿ, ನನ್ನ ಬೆರಳನ್ನೇ? ನಿಮಗೆ ಫೋನ್ ಮಾಡಿದರೆ ಮತ್ತದೇ ಮಾತು, ಅದೇ ನಗು: "ಕೇಳಿದ್ರೆ ಬೇಡ ಅಂತಿದ್ದೆ." ಪ್ರಶ್ನೆಯೂ ನಿಮ್ಮದೇ, ನನ್ನ ಉತ್ತರವೂ ನಿಮ್ಮದೇ ಆದರೆ, ಈ ಮನೆಯಲ್ಲಿ ನಾನು ಯಾಕೆ ಬಾಯಿ ಇಟ್ಟುಕೊಂಡಿದ್ದೇನೆ?

ಫೋನ್ ಇಟ್ಟವಳೇ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಕಪ್ಪು ಮರವನ್ನು ಬಿಚ್ಚಿ ಹಾಕಿದೆ. ಹೊಸ ಪಟ್ಟಿಗೆ ತೆಳ್ಳಗಿನ, ನೆಟ್ಟಗಿನ, ಚೆನ್ನಾಗಿ ಒಣಗಿದ ಮರ ಬೇಕು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ: ನಿಮ್ಮ ಅಡಿಪಟ್ಟಿ. ಹೌದು, ಅದೇ. ನಕ್ಷೆ ಬರೆಯುವುದು ಕಲಿಯುವಾಗ ಕೊಂಡದ್ದು, ಮಖಮಲ್ಲಿನಲ್ಲಿ ಸುತ್ತಿಟ್ಟದ್ದು, ಧೂಳು ಒರೆಸಲೂ ಯಾರೂ ಮುಟ್ಟಬಾರದ ಆ ಹಳದಿ ಮರದ ಅಡಿಪಟ್ಟಿ. ಕೇಳಿದ್ದರೆ ಬೇಡ ಅಂತಿದ್ದಿರಿ. ಅದಕ್ಕೇ ಕೇಳಲಿಲ್ಲ. ಚಾಕುವನ್ನು ಅದರ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಕೊಯ್ದೆ. ಹೊರಮೈಯ ಅಂಚು ಅರದಲ್ಲಿ ಉಜ್ಜಿ ದುಂಡಗೆ ಮಾಡಿ, ತಿರುಪಿನ ತಲೆ ಕೂರುವ ಗುಂಡಿ ಕೊರೆದು ನೋಡುತ್ತೇನೆ, ಎರಡೂ ಬಲಗಡೆಯವೇ! ಎರಡನೆಯದಕ್ಕೆ ಚಾಕುವನ್ನು ಮಗುಚಿ ಇಡಬೇಕಿತ್ತು. ಮುಂದಿನ ರಟ್ಟು, ಹಿಂದಿನ ರಟ್ಟು ಎಂದು ಕಣ್ಣುಮುಚ್ಚಿ ಜೋಡಿಸುವವಳು ನಾನು, ಮನಸ್ಸಿನಲ್ಲಿ ನಿಮ್ಮ ಜೊತೆ ಜಗಳವಾಡುತ್ತಾ ಎರಡು ಬಲಗಡೆ ಮಾಡಿಟ್ಟಿದ್ದೆ. ಹಾಗಾಗಿ ಅಡಿಪಟ್ಟಿಯ ಉಳಿದರ್ಧವೂ ಹೋಯಿತು. ಅದಕ್ಕೂ ನೀವೇ ಕಾರಣ. ಪಟ್ಟಿ ತೆಳ್ಳಗಾದ ಮೇಲೆ ತಿರುಪು ಉದ್ದವಾಯಿತು, ತುದಿ ಒಳಗೆ ಚಾಚಿ ಅಲಗು ಮಡಚಲೇ ಇಲ್ಲ. ಆ ತುದಿಗಳನ್ನೂ ಉಜ್ಜಿ ಗಿಡ್ಡ ಮಾಡಿದೆ. ಈಗ ಹೇಗಿದೆ ಗೊತ್ತೇ? ಹಿಡಿ ಕೈಯಲ್ಲಿ ಇದೆ ಎನ್ನುವುದೇ ಮರೆತುಹೋಗುತ್ತದೆ. ಒಂದು ಪಕ್ಕದಲ್ಲಿ ನಿಮ್ಮ ಏಳನೆಯ ಅಂಕಿ ಇನ್ನೂ ಇದೆ, ನನ್ನ ಹೆಬ್ಬೆರಳು ಕೂರುವುದು ಅದರ ಮೇಲೆ.

ಅತ್ತೆ ಬಂದು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಅವನ ಪಟ್ಟೀನ ಕೊಯ್ದುಬಿಟ್ಯಾ? ಒಂದ್ಮಾತು ಕೇಳ್ಬಾರ್ದಿತ್ತಾ?" ಎಂದರು. ಗಾರೆಯವರು ಅಳೆದು ಹೋದ ಕಿಟಕಿಯ ಕಡೆ ನಾನು ಚಾಕುವಿನಲ್ಲೇ ತೋರಿಸಿದೆ. ಅವರು ಸೆರಗು ಸಿಕ್ಕಿಸಿಕೊಂಡು, ಗಾರೆಯವರು ಅಳತೆಗೆಂದು ಎಳೆದಿಟ್ಟಿದ್ದ ನನ್ನ ಮೇಜನ್ನು ಕಿಟಕಿಯ ಹತ್ತಿರ ತಳ್ಳಲು ಒಂದು ಕೈ ಕೊಟ್ಟರು. ಮೈದುನನಿಗೆ ಅಂಗಡಿ ಬೇಕು, ಇಲ್ಲ ಎನ್ನುತ್ತಿಲ್ಲ. ಬೀದಿ ಕೊನೆಯಲ್ಲಿ ಖಾಲಿ ಮಳಿಗೆ ಇದೆ, ನಾನೇ ಹೋಗಿ ವಿಚಾರಿಸುತ್ತೇನೆ. ಆದರೆ ಅದು ಅವನು ಬಂದು ನನ್ನನ್ನು ಕೇಳಿದರೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ನಿಮ್ಮ ಕಪ್ಪು ಮರದ ತುಂಡುಗಳನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ, ಮೇಜಿನ ಕಾಲಿಗೆ ಒತ್ತು ಕೊಡಲು ಬರುತ್ತವೆ. ಮೊಣಕಾಲು ಜೋಪಾನ.

ಇಂತಿ,
ಕೇಳಿದರೆ ಬೇಡ ಅನ್ನುವವಳು

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಗಾರೆಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ್ದೇನೆ. ನನ್ನ ಕೋಣೆಗೆ ಬೇರೆ ಬೀಗ ಹಾಕಿಸಿದ್ದೇನೆ, ನಿಮ್ಮ ಹತ್ತಿರ ಇರುವ ಕೀಲಿ ಇನ್ನು ಅದಕ್ಕೆ ಆಗುವುದಿಲ್ಲ. ಬಂದಾಗ ಬಾಗಿಲು ತಟ್ಟಿ, "ಒಳಗೆ ಬರ್ಲಾ?" ಎಂದು ಕೇಳಿ. ಬೇಡ ಅನ್ನುತ್ತೇನೋ ಇಲ್ಲವೋ, ಒಂದು ಸಲವಾದರೂ ನನ್ನ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ.