ಟೈಗರ್ ಕೂತಿದ್ದು ನಿನ್ನ ಮಾತಿಗೆ

ದ್ಯಾವಕ್ಕಾ,

ನಾನು ಮೊದಲ್ನೇ ಬಸ್ಸಿಗೆ ಕುಂದಾಣಕ್ಕೆ ಹೋಗ್ತಿದೀನಿ. ಟೈಗರ್‌ಗೆ ಮುದ್ದೆ ಆರಿಸಿ ಹಾಕು, ನಿನ್ನೆ ಬಾಯಿ ಸುಟ್ಕೊಂಡಿದೆ. ಹೊಸ ಮರೀನ ಬಿಚ್ಚಬೇಡ, ಪಕ್ಕದ್ಮನೆ ಕೋಳಿ ಹಿಂದೆ ಓಡುತ್ತೆ. ಇದನ್ನೆಲ್ಲ ನಿನಗೆ ನಾನು ಹೇಳೋದೇ ತಮಾಷೆ.

ನಿನ್ನೆ ಕುಂದಾಣದ ದ್ರಾಕ್ಷಿ ತೋಟದ ರಾಮಾಂಜಿನಪ್ಪನೋರು ತಮ್ಮ ನಾಯಿ ಟೈಗರ್ ಎಷ್ಟು ಕಲ್ತಿದೆ ಅಂತ ನೋಡೋಕೆ ಬಂದಾಗ, ನಾನು ನಾಲ್ಕು ಸಲ "ಕೂತ್ಕೋ" ಅಂದೆ. ಟೈಗರ್ ಅಡುಗೆಮನೆ ಕಡೆಗೇ ನೋಡ್ತಾ ನಿಂತಿತ್ತು. ನೀನು ಒಳಗಿಂದ ಒಂದೇ ಸಲ "ಕೂತ್ಕೊಳಪ್ಪ" ಅಂದೆ, ಕೂತ್ಬಿಡ್ತು.

"ಇದನ್ನ ಪಳಗಿಸಿದ್ದು ಯಾರಪ್ಪಾ?" ಅಂತ ಅವರು ಕೇಳಿದ್ರು.

"ನಾನೇ ಸಾರ್. ಅಕ್ಕ ಬರೀ ಊಟ ಹಾಕ್ತಾಳೆ" ಅಂದ್ಬಿಟ್ಟೆ.

ನೀನು ಕಾಫಿ ಲೋಟ ಇಟ್ಟು ಒಳಗೆ ಹೋದೆ. ಬೈದಿದ್ರೆ ಚೆನ್ನಾಗಿತ್ತು. ಆಗ್ಲಿಂದ ನಿನ್ನ ಮುಖ ನೋಡೋಕೆ ನಾಚಿಕೆ ಆಗ್ತಿದೆ, ಅದಕ್ಕೇ ಈ ಚೀಟಿ.

ಇದುವರೆಗೆ ನಮ್ಮಲ್ಲಿ ಕಲ್ತು ಹೋದ ಐದು ನಾಯಿಗೂ ಕಲಿಸಿದ್ದು ನೀನು. ನಾನು ಸರಪಳಿ ಹಿಡ್ಕೊಂಡು ನಿಂತು ಹೆಸರು ತಗೊಂಡೆ. ಇವತ್ತು ಅವರಿಗೆ ನಿಜ ಹೇಳಿ ಬರ್ತೀನಿ. ಇನ್ನೆರಡು ನಾಯಿ ಕಳಿಸ್ತೀನಿ ಅಂದಿದ್ರು, ಕಳಿಸದಿದ್ರೂ ಸರಿ. ಮಧ್ಯಾಹ್ನ ಅವರು ನನ್ನ ಜೊತೆ ಬಂದ್ರೆ, ನೀನೇ ಹೊರಗೆ ಬಂದು ಮಾತಾಡಕ್ಕ. ನಾನು ಪಕ್ಕದಲ್ಲಿ ಬಾಯಿ ಮುಚ್ಕೊಂಡು ನಿಂತಿರ್ತೀನಿ.

ಆವಲಪ್ಪ